ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಯಾಕೆ ನಿಂತುಬಿಡುತ್ತದೆ?

ಒಲೆಯ ಮೇಲೆ ನೀರು ಕುದಿಯುತ್ತಿದೆ. ಅದರೊಳಗಿಟ್ಟ ಥರ್ಮಾಮೀಟರ್ 100 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಉರಿಯನ್ನು ಇನ್ನೂ ಜಾಸ್ತಿ ಮಾಡಿ. ನೀರು ಮೊದಲಿಗಿಂತ ಜೋರಾಗಿ ಕೊತಕೊತ ಕುದಿಯುತ್ತದೆ, ಆದರೆ ಥರ್ಮಾಮೀಟರ್ 100ರಲ್ಲೇ ನಿಂತಿರುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಒಲೆ ಶಾಖ ಕೊಡುತ್ತಲೇ ಇದೆ ಅಲ್ವಾ? ಆ ಶಾಖವೆಲ್ಲ ಎಲ್ಲಿ ಹೋಯಿತು?

ದ್ರವ್ಯಕ್ಕೆ ಘನ, ದ್ರವ, ಅನಿಲ ಅಂತ ಮೂರು ಸ್ಥಿತಿಗಳಿವೆ ಎಂದು ಎಲ್ಲ ಮಕ್ಕಳೂ ಕಲಿಯುತ್ತಾರೆ. ಘನಕ್ಕೆ ತನ್ನದೇ ಆಕಾರ ಇದೆ. ದ್ರವ ಪಾತ್ರೆಯ ಆಕಾರ ತಾಳುತ್ತದೆ. ಅನಿಲ ಸಿಕ್ಕಿದ ಜಾಗಕ್ಕೆಲ್ಲ ಹರಡುತ್ತದೆ. ಈ ಮೂರು ಸಾಲು ಸರಿಯಾಗಿಯೇ ಇವೆ, ಆದರೆ ಮೇಲಿನ ಪ್ರಶ್ನೆಗೆ ಇವುಗಳಲ್ಲಿ ಉತ್ತರ ಇಲ್ಲ. ನನ್ನ ಪ್ರಕಾರ ಈ ಪಾಠವನ್ನು ಆ ಪ್ರಶ್ನೆಯಿಂದಲೇ ಶುರು ಮಾಡಬೇಕು, ಯಾಕೆಂದರೆ ಅದಕ್ಕೆ ಉತ್ತರ ಸಿಕ್ಕಿತೆಂದರೆ ಐಸ್ ಕರಗುವುದು, ಒದ್ದೆ ಬಟ್ಟೆ ಒಣಗುವುದು, ಬೆವರಿದಾಗ ಮೈ ತಂಪಾಗುವುದು, ತಣ್ಣನೆಯ ಲೋಟದ ಹೊರಗೆ ಹನಿ ಕೂರುವುದು ಎಲ್ಲವೂ ಒಂದೇ ಎಳೆ ಹಿಡಿದು ಅರ್ಥವಾಗುತ್ತಾ ಹೋಗುತ್ತವೆ.

ಆ ಎಳೆ ಇಷ್ಟೇ: ಸ್ಥಿತಿ ಬದಲಾದಾಗ ಕಣ ಬದಲಾಗುವುದಿಲ್ಲ, ಕಣಗಳ ನಡುವಿನ ಹಿಡಿತ ಬದಲಾಗುತ್ತದೆ.

ಮೊದಲು ಕಣಗಳ ವಿಷಯ

ಕಲ್ಲು, ನೀರು, ಗಾಳಿ, ನಮ್ಮ ಮೈ ಎಲ್ಲವೂ ಕಣಗಳಿಂದಲೇ ಆಗಿವೆ. ಕೆಲವು ವಸ್ತುಗಳಲ್ಲಿ ಆ ಕಣ ಒಂದು ಪರಮಾಣು, ಕೆಲವದರಲ್ಲಿ ಪರಮಾಣುಗಳು ಕೂಡಿಕೊಂಡ ಅಣು. ನೀರಿನ ಕಣ ಅಂದರೆ ಎರಡು ಹೈಡ್ರೋಜನ್ ಮತ್ತು ಒಂದು ಆಕ್ಸಿಜನ್ ಪರಮಾಣು ಸೇರಿದ ಅಣು. ಅದು ಎಷ್ಟು ಚಿಕ್ಕದು? ಡ್ರಾಪರ್‌ನಿಂದ ಬಿದ್ದ ಒಂದೇ ಒಂದು ಹನಿಯಲ್ಲಿ ಸುಮಾರು ಒಂದೂವರೆ ಕೋಟಿ ಕೋಟಿ ಕೋಟಿ ಅಣುಗಳಿರುತ್ತವೆ. ಕೋಟಿ ಎಂಬ ಪದ ಮೂರು ಸಲ ಬಂದಿರುವುದು ಅಚ್ಚಿನ ತಪ್ಪಲ್ಲ, ಅಷ್ಟು ಅಣುಗಳು ನಿಜವಾಗಿಯೂ ಇವೆ.

ಈ ಕಣಗಳು ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಪರಾಗದಿಂದ ಹೊರಬಂದ ಸಣ್ಣ ಸಣ್ಣ ಚೂರುಗಳನ್ನು ನೀರಿನಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚೂರುಗಳು ಅತ್ತಿತ್ತ ಕುಣಿಯುತ್ತಲೇ ಇದ್ದವು. ಪರಾಗಕ್ಕೆ ಜೀವ ಇರುವುದರಿಂದ ಹೀಗಾಗುತ್ತಿರಬಹುದೇ ಅಂತ ಅನುಮಾನ ಬಂದು ಅವರು ಜೀವವೇ ಇಲ್ಲದ ಕಲ್ಲಿನ ಪುಡಿಯನ್ನೂ ಹಾಕಿ ನೋಡಿದರು. ಅದೂ ಹಾಗೇ ಕುಣಿಯಿತು. ಯಾಕೆ ಅಂತ ಸರಿಯಾಗಿ ವಿವರಿಸಲು 1905ರವರೆಗೆ, ಐನ್‌ಸ್ಟೈನ್ ಬರುವವರೆಗೆ ಕಾಯಬೇಕಾಯಿತು: ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಆ ಚೂರಿಗೆ ಬಂದು ಬಡಿಯುತ್ತಿವೆ, ಒಂದು ಬದಿಯ ಬಡಿತ ಒಮ್ಮೆ ಸ್ವಲ್ಪ ಜಾಸ್ತಿ ಆಗುತ್ತದೆ, ಇನ್ನೊಮ್ಮೆ ಇನ್ನೊಂದು ಬದಿಯದು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಜಾನ್ ಪೆರಾನ್ ಇದನ್ನು ಪ್ರಯೋಗದಲ್ಲಿ ಅಳೆದು ತೋರಿಸಿದರು. ಅದಕ್ಕೇ ಅವರಿಗೆ 1926ರಲ್ಲಿ ನೊಬೆಲ್ ಬಹುಮಾನ ಬಂತು.

ಕಣಗಳ ಈ ಓಡಾಟ ಎಷ್ಟು ಜೋರು ಎಂಬುದರ ಅಳತೆಯೇ ತಾಪಮಾನ. ಬಿಸಿ ನೀರಿನ ಅಣುಗಳು ಜೋರಾಗಿ ಓಡಾಡುತ್ತವೆ, ತಣ್ಣೀರಿನವು ನಿಧಾನ. ಇನ್ನೊಂದು ವಿಷಯವೂ ಇದೆ. ಕಣಗಳು ಒಂದನ್ನೊಂದು ತಮ್ಮ ಕಡೆಗೆ ಸೆಳೆಯುತ್ತವೆ. ಹತ್ತಿರ ಇದ್ದಾಗ ಈ ಸೆಳೆತ ಜೋರಾಗಿರುತ್ತದೆ, ದೂರ ಹೋದಂತೆ ಬಹಳ ಬೇಗ ಕಡಿಮೆಯಾಗುತ್ತದೆ. ಓಡಾಟ ಕಣಗಳನ್ನು ಬೇರೆ ಮಾಡಲು ನೋಡುತ್ತದೆ, ಸೆಳೆತ ಅವುಗಳನ್ನು ಒಟ್ಟಿಗೆ ಹಿಡಿದಿಡಲು ನೋಡುತ್ತದೆ. ಇವೆರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದರ ಮೇಲೆ ವಸ್ತು ಘನವೋ, ದ್ರವವೋ, ಅನಿಲವೋ ಎಂಬುದು ತೀರ್ಮಾನವಾಗುತ್ತದೆ.

ಘನದಲ್ಲಿ ಸೆಳೆತ ಗೆದ್ದಿರುತ್ತದೆ. ಪ್ರತಿ ಕಣಕ್ಕೂ ಒಂದು ಜಾಗ ಗೊತ್ತಾಗಿದೆ. ಅದು ಅಲ್ಲೇ ಇದ್ದುಕೊಂಡು ಅದುರುತ್ತದೆ, ಜಾಗ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಕಲ್ಲು ಕಲ್ಲಿನ ಆಕಾರದಲ್ಲೇ ಉಳಿಯುತ್ತದೆ. ದ್ರವದಲ್ಲಿ ಕಣಗಳು ಹತ್ತಿರ ಹತ್ತಿರವೇ ಇವೆ, ಆದರೆ ಜಾಗ ಬದಲಿಸುತ್ತಾ ಒಂದರ ಪಕ್ಕದಿಂದ ಇನ್ನೊಂದರ ಪಕ್ಕಕ್ಕೆ ಜಾರುತ್ತವೆ. ಆದ್ದರಿಂದ ನೀರು ಹರಿಯುತ್ತದೆ. ಆದರೂ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಅನಿಲದಲ್ಲಿ ಓಡಾಟವೇ ಗೆದ್ದಿರುತ್ತದೆ. ಕಣಗಳು ದೂರ ದೂರ ಇದ್ದು ಎಲ್ಲ ಕಡೆಗೆ ನುಗ್ಗುತ್ತವೆ. ಸಾಮಾನ್ಯ ತಾಪಮಾನದಲ್ಲಿ ಗಾಳಿಯ ನೈಟ್ರೋಜನ್ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಅಂದರೆ ಗಂಟೆಗೆ 1,800 ಕಿಲೋಮೀಟರ್! ಆದರೂ ಕೋಣೆಯ ಒಂದು ಮೂಲೆಯಲ್ಲಿ ಅತ್ತರಿನ ಬಾಟಲಿ ತೆಗೆದರೆ ವಾಸನೆ ಇನ್ನೊಂದು ಮೂಲೆಗೆ ಬರಲು ಹೊತ್ತು ಹಿಡಿಯುತ್ತದೆ, ಯಾಕೆಂದರೆ ದಾರಿಯಲ್ಲಿ ಪ್ರತಿ ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಢಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ.

ಇದನ್ನು ಕೈಯಲ್ಲೇ ನೋಡಬಹುದು. ಸೂಜಿ ಇಲ್ಲದ ಸಿರಿಂಜ್ ತೆಗೆದುಕೊಳ್ಳಿ. ಗಾಳಿ ತುಂಬಿ, ಬಾಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಅರ್ಧದಷ್ಟು ಒಳಗೆ ಹೋಗುತ್ತದೆ. ಈಗ ನೀರು ತುಂಬಿ ಹಾಗೇ ಒತ್ತಿ. ಅಲ್ಲಾಡುವುದೇ ಇಲ್ಲ. ಅನಿಲದ ಕಣಗಳ ನಡುವೆ ಖಾಲಿ ಜಾಗ ಇದೆ, ದ್ರವದಲ್ಲಿ ಹೆಚ್ಚುಕಡಿಮೆ ಇಲ್ಲ. ಎಷ್ಟೇ ಚಿತ್ರ ಬರೆದು ತೋರಿಸಿದರೂ ಈ ಸಿರಿಂಜ್ ಕೊಡುವಷ್ಟು ಖಾತ್ರಿ ಮಗುವಿಗೆ ಸಿಗುವುದಿಲ್ಲ ಅಂತ ನನಗೆ ಅನಿಸುತ್ತದೆ.

ಇಲ್ಲಿ ಮಕ್ಕಳಲ್ಲಿ ಎರಡು ತಪ್ಪು ಕಲ್ಪನೆ ಬೇರೂರುತ್ತವೆ, ದೊಡ್ಡವರಲ್ಲೂ ಉಳಿದುಕೊಂಡಿರುತ್ತವೆ. ಒಂದು, ಕಣಗಳ ನಡುವಿನ ಜಾಗದಲ್ಲಿ ಗಾಳಿ ಇರುತ್ತದೆ ಎನ್ನುವುದು. ಗಾಳಿಯೇ ಕಣಗಳಿಂದ ಆಗಿರುವಾಗ ಅದರ ಕಣಗಳ ನಡುವೆ ಮತ್ತೆ ಯಾವ ಗಾಳಿ ಇರಲು ಸಾಧ್ಯ? ಅಲ್ಲಿ ಏನೂ ಇಲ್ಲ, ಬರೀ ಖಾಲಿ. ಎರಡನೆಯದು, ಐಸ್‌ನ ಅಣು ಗಟ್ಟಿ, ನೀರಿನ ಅಣು ಮೆತ್ತಗೆ, ಆವಿಯ ಅಣು ಹಗುರ ಎನ್ನುವುದು. ಅಣು ಮೂರರಲ್ಲೂ ಒಂದೇ. ಒಂದು ಗ್ರಾಂ ಐಸ್ ಕರಗಿದರೆ ಒಂದು ಗ್ರಾಂ ನೀರು ಬರುತ್ತದೆ, ಅದು ಪೂರ್ತಿ ಆವಿಯಾದರೆ ಒಂದು ಗ್ರಾಂ ಆವಿ. ತೂಕ ಎಲ್ಲೂ ಹೋಗಲಿಲ್ಲ.

ಹಾಗಾದರೆ ಮರಳು? ಅದನ್ನು ಸುರಿಯಬಹುದು, ಪಾತ್ರೆಯ ಆಕಾರ ತಾಳುತ್ತದೆ, ಆದರೂ ದ್ರವ ಅಲ್ಲ. ಈ ಪ್ರಶ್ನೆ ಕೇಳುವ ಮಗು ಚೆನ್ನಾಗಿ ಯೋಚಿಸುತ್ತಿದೆ ಅಂತಲೇ ಅರ್ಥ. ಮರಳಿನ ಒಂದೊಂದು ಕಾಳನ್ನೂ ಭೂತಗನ್ನಡಿಯಲ್ಲಿ ನೋಡಿದರೆ ಅದಕ್ಕೆ ತನ್ನದೇ ಆಕಾರ ಇರುವುದು ಕಾಣುತ್ತದೆ, ಯಾವ ಪಾತ್ರೆಗೆ ಹಾಕಿದರೂ ಆ ಕಾಳು ಹಾಗೇ ಇರುತ್ತದೆ. ಮರಳನ್ನು ಸುರಿದರೆ ಗುಡ್ಡೆಯಾಗಿ ನಿಲ್ಲುತ್ತದೆ, ನೀರಿನ ಹಾಗೆ ಮಟ್ಟಸವಾಗುವುದಿಲ್ಲ. ಲಕ್ಷಾಂತರ ಘನ ಚೂರುಗಳು ಒಟ್ಟಿಗೆ ಜಾರುತ್ತಿವೆ, ಅಷ್ಟೇ.

ಕರಗುವಾಗ ಏನಾಗುತ್ತದೆ

ಈಗ ಶುರುವಿನ ಪ್ರಶ್ನೆಗೆ ಬರೋಣ. ಪುಡಿ ಮಾಡಿದ ಐಸನ್ನು ಒಂದು ಪಾತ್ರೆಯಲ್ಲಿ ಹಾಕಿ ಥರ್ಮಾಮೀಟರ್ ಇಟ್ಟು, ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತಾ, ಕಲಕುತ್ತಾ, ಪ್ರತಿ ನಿಮಿಷ ತಾಪಮಾನ ಬರೆದುಕೊಳ್ಳಿ. (ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಗಿರಬೇಕು. ಜ್ವರ ನೋಡುವ ಥರ್ಮಾಮೀಟರ್ ಬಳಸಬೇಡಿ, ಅದು ಒಡೆದುಹೋಗುತ್ತದೆ. ಪ್ರಯೋಗಾಲಯದ್ದೇ ಬೇಕು.) ಫ್ರೀಜರ್‌ನಿಂದ ತೆಗೆದ ಐಸ್ ಸೊನ್ನೆಗಿಂತ ಕೆಳಗಿರುತ್ತದೆ. ತಾಪಮಾನ ನಿಧಾನಕ್ಕೆ ಏರುತ್ತದೆ, 0 ಡಿಗ್ರಿಗೆ ಬಂದು ನಿಲ್ಲುತ್ತದೆ. ಐಸ್ ಕರಗುತ್ತಿದೆ, ಪಾತ್ರೆಯಲ್ಲಿ ಅರ್ಧ ನೀರು ಆಗಿದೆ, ಆದರೂ 0. ಕೊನೆಯ ಚೂರು ಕರಗುವವರೆಗೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆಮೇಲೆ ಮತ್ತೆ ಏರಲು ಶುರುವಾಗಿ 100ರ ಹತ್ತಿರ ಬಂದಾಗ ನೀರು ಕುದಿಯುತ್ತದೆ, ಮತ್ತೆ ನಿಲ್ಲುತ್ತದೆ. ಬರೆದುಕೊಂಡ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿ ಗೆರೆ ಎಳೆದರೆ ಎರಡು ಕಡೆ ಚಪ್ಪಟೆ ಮೆಟ್ಟಿಲು ಕಾಣುತ್ತದೆ.

ಆ ಮೆಟ್ಟಿಲುಗಳಲ್ಲಿ ಶಾಖ ಕಳೆದುಹೋಗುತ್ತಿಲ್ಲ, ಬೇರೆ ಕೆಲಸ ಮಾಡುತ್ತಿದೆ. ಅಲ್ಲಿಯವರೆಗೆ ಅದು ಕಣಗಳ ಓಡಾಟವನ್ನು ಜೋರು ಮಾಡುತ್ತಿತ್ತು, ಆದ್ದರಿಂದ ತಾಪಮಾನ ಏರುತ್ತಿತ್ತು. 0 ಡಿಗ್ರಿಯಲ್ಲಿ ಅದು ಕಣಗಳು ಒಂದನ್ನೊಂದು ಹಿಡಿದುಕೊಂಡಿರುವ ಹಿಡಿತವನ್ನು ಸಡಿಲಿಸಲು ಖರ್ಚಾಗುತ್ತದೆ. ಓಡಾಟ ಜೋರಾಗುವುದಿಲ್ಲ, ಹಾಗಾಗಿ ಥರ್ಮಾಮೀಟರ್‌ಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಥರ್ಮಾಮೀಟರ್‌ಗೆ ಕಾಣದೆ ಒಳಗೆ ಸೇರುವ ಶಾಖಕ್ಕೆ ಗುಪ್ತೋಷ್ಣ ಎನ್ನುತ್ತಾರೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಮುಖ್ಯರು. 1760ರ ಆಸುಪಾಸಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಎರಡು ಒಂದೇ ತರಹದ ಗಾಜಿನ ಪಾತ್ರೆಗಳನ್ನು ತೆಗೆದುಕೊಂಡರು. ಒಂದರಲ್ಲಿ ಐಸ್, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಚ್ಚುಕಡಿಮೆ ಅಷ್ಟೇ ತಣ್ಣಗಿದ್ದ ನೀರು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟರು. ನೀರು ಅರ್ಧ ಗಂಟೆಯಲ್ಲಿ ಕೆಲವು ಡಿಗ್ರಿ ಬೆಚ್ಚಗಾಯಿತು. ಐಸ್ ಕರಗಿ ಅದೇ ತಾಪಮಾನಕ್ಕೆ ಬರಲು ಹತ್ತು ಗಂಟೆಗೂ ಜಾಸ್ತಿ ಹಿಡಿಯಿತು. ಇಬ್ಬರಿಗೂ ಒಂದೇ ಕೋಣೆಯ ಶಾಖ ಸಿಗುತ್ತಿರುವಾಗ ಐಸ್ ಅಷ್ಟೊಂದು ಶಾಖ ಕುಡಿದು ಏನು ಮಾಡಿತು? ಕರಗಿತು, ಅಷ್ಟೇ! ಎಷ್ಟು ಸರಳ ಪ್ರಯೋಗ ನೋಡಿ. ಎರಡು ಪಾತ್ರೆ, ಒಂದು ಥರ್ಮಾಮೀಟರ್, ಒಂದಿಷ್ಟು ತಾಳ್ಮೆ.

ಈಗ ಅಂಕಿಗಳಿಂದ ಇದರ ಗಾತ್ರ ನೋಡೋಣ. ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ತರಲು ಸುಮಾರು 418 ಜೂಲ್ ಶಾಖ ಬೇಕು. ಒಂದು ಗ್ರಾಂ ಐಸನ್ನು ಬರೀ ಕರಗಿಸಲು 334 ಜೂಲ್. ಒಂದು ಗ್ರಾಂ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಜೂಲ್. ಜೂಲ್ ಲೆಕ್ಕ ಮಕ್ಕಳಿಗೆ ಕಷ್ಟ ಅನಿಸಿದರೆ ನಿಮಿಷದಲ್ಲಿ ಹೇಳಿ. ಶಾಖ ಆಚೀಚೆ ಸೋರದ ಒಂದು ಒಲೆ ಇದೆ ಅಂದುಕೊಳ್ಳಿ, ಅದು ಒಂದಿಷ್ಟು ನೀರನ್ನು 0ಯಿಂದ 100ಕ್ಕೆ ತರಲು 10 ನಿಮಿಷ ತೆಗೆದುಕೊಂಡರೆ, ಅಷ್ಟೇ ಐಸನ್ನು ಕರಗಿಸಲು 8 ನಿಮಿಷ ಬೇಕು, ಕುದಿಯುವ ಆ ನೀರೆಲ್ಲ ಆವಿಯಾಗಿ ಹೋಗಲು ಇನ್ನೂ 54 ನಿಮಿಷ ಬೇಕು. ಕರಗುವಾಗ ಹಿಡಿತ ಸಡಿಲವಾದರೆ ಸಾಕು. ಆವಿಯಾಗುವಾಗ ಪೂರ್ತಿ ಬಿಟ್ಟುಹೋಗಬೇಕು. ಅದಕ್ಕೇ ಅಷ್ಟು ವ್ಯತ್ಯಾಸ.

ಕುದಿಯುವ ನೀರಿಗಿಂತ ಹಬೆ ಯಾಕೆ ಜಾಸ್ತಿ ಸುಡುತ್ತದೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಎರಡೂ 100 ಡಿಗ್ರಿಯೇ ಇರಬಹುದು. ಆದರೆ ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ತಾನು ಒಳಗಿಟ್ಟುಕೊಂಡಿದ್ದ ಆ 2,260 ಜೂಲನ್ನು ಅಲ್ಲೇ ಇಳಿಸಿಬಿಡುತ್ತದೆ, ಆಮೇಲೆ ಬಿಸಿ ನೀರಾಗಿಯೂ ಸುಡುತ್ತದೆ. ಲೆಕ್ಕ ಹಾಕಿದರೆ ಅಷ್ಟೇ ತೂಕದ ಕುದಿಯುವ ನೀರು ಮೈಯ ಬಿಸಿಗೆ ಇಳಿಯುವಾಗ ಕೊಡುವ ಶಾಖಕ್ಕಿಂತ ಒಂಬತ್ತು ಹತ್ತು ಪಟ್ಟು ಜಾಸ್ತಿ. ಹಬೆ ಬರುತ್ತಿರುವ ಪಾತ್ರೆಯ ಮುಚ್ಚಳವನ್ನು ಮುಖದಿಂದ ಆಚೆಗೆ ತೆಗೆಯಬೇಕು ಅಂತ ಮಕ್ಕಳಿಗೆ ಹೇಳುವಾಗ ಈ ಕಾರಣವನ್ನೂ ಹೇಳಿ. ಕಾರಣ ಗೊತ್ತಿದ್ದರೆ ಮಾತು ನೆನಪಿರುತ್ತದೆ.

ಕುದಿಯುವುದೇ ಬೇರೆ, ಆರುವುದೇ ಬೇರೆ

ಕುದಿಯುವ ನೀರಿನ ಗುಳ್ಳೆಗಳ ಒಳಗೆ ಏನಿದೆ ಅಂತ ಕೇಳಿದರೆ ಬಹಳಷ್ಟು ಜನ ಗಾಳಿ ಎನ್ನುತ್ತಾರೆ. ಬಿಸಿಯಾಗಲು ಶುರುವಾದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳಲ್ಲಿ ಗಾಳಿ ಇರುವುದು ನಿಜ, ಅದು ನೀರಿನಲ್ಲಿ ಮೊದಲೇ ಬೆರೆತಿದ್ದ ಗಾಳಿ. ಆದರೆ ಕುದಿಯುವಾಗ ತಳದಿಂದ ಏಳುವ ದೊಡ್ಡ ಗುಳ್ಳೆಗಳಲ್ಲಿರುವುದು ನೀರೇ, ಅನಿಲ ರೂಪದ ನೀರು. ಆ ಆವಿಗೆ ಬಣ್ಣ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಪಾತ್ರೆಯ ಮೇಲೆ ಕಾಣುವ ಬೆಳ್ಳನೆಯ ಹೊಗೆಯಂಥದ್ದು ಆವಿ ಅಲ್ಲ, ಆವಿ ತಣ್ಣಗಾಗಿ ಮತ್ತೆ ನೀರಾದ ಸಣ್ಣ ಸಣ್ಣ ಹನಿಗಳು. ಕೆಟಲ್‌ನ ಮೂತಿಯನ್ನು ಗಮನಿಸಿ. ಮೂತಿಯ ಬಾಯಿಗೂ ಬಿಳಿ ಮೋಡ ಶುರುವಾಗುವ ಜಾಗಕ್ಕೂ ನಡುವೆ ಒಂದು ಚೂರು ಖಾಲಿ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲೇ. ದೂರದಿಂದ ನೋಡಿ, ಬೆರಳು ಇಡಬೇಡಿ.

ನೀರು ಆವಿಯಾದಾಗ ಜಾಗ ಎಷ್ಟು ಬೇಕಾಗುತ್ತದೆ ಗೊತ್ತಾ? 100 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸಾವಿರದ ಆರುನೂರು ಲೀಟರ್‌ಗೂ ಜಾಸ್ತಿ ಆವಿಯಾಗುತ್ತದೆ. ಹಬೆ ಎಂಜಿನ್ ಓಡಿದ್ದು ಈ ತಳ್ಳುವಿಕೆಯಿಂದಲೇ.

ಇನ್ನು ಆ 100 ಎಂಬುದೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಸಮುದ್ರ ಮಟ್ಟದ ಗಾಳಿಯ ಒತ್ತಡದಲ್ಲಿ ಮಾತ್ರ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುದಿಯಬೇಕು ಅಂದರೆ ನೀರಿನ ಒಳಗೆ ಗುಳ್ಳೆ ಮೂಡಿ ನಿಲ್ಲಬೇಕು. ಮೇಲಿನಿಂದ ಗಾಳಿ ಒತ್ತುತ್ತಿರುವಾಗ ಒಳಗಿನ ಆವಿಗೆ ಅದನ್ನು ಎದುರಿಸುವಷ್ಟು ಒತ್ತಡ ಇರಬೇಕು, ಇಲ್ಲದಿದ್ದರೆ ಗುಳ್ಳೆ ಮುದುಡಿಹೋಗುತ್ತದೆ. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು ಬೇಗ ಕುದಿಯುತ್ತದೆ. ಎವರೆಸ್ಟ್ ತುದಿಯಲ್ಲಿ ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಇದು ತಿರುಗುಮುರುಗು: ಒಳಗೆ ಒತ್ತಡ ಜಾಸ್ತಿ, ನೀರು ಸುಮಾರು 120 ಡಿಗ್ರಿಯವರೆಗೂ ಬಿಸಿಯಾಗುತ್ತದೆ. ಪಂಪ್ ಹಚ್ಚಿ ಗಾಳಿಯನ್ನು ಹೊರಗೆಳೆದ ಗಾಜಿನ ಗಂಟೆಯೊಳಗೆ ಒಲೆಯೇ ಇಲ್ಲದೆ ತಣ್ಣೀರು ಕುದಿಯುವುದನ್ನೂ ನೋಡಬಹುದು. ಕೈಯಿಟ್ಟರೆ ಸುಡುವುದಿಲ್ಲ!

ಈಗ ನೆಲದ ಮೇಲೆ ಚೆಲ್ಲಿದ ನೀರು. ಅದು 100 ಡಿಗ್ರಿಗೆ ಹೋಗಲೇ ಇಲ್ಲ, ಆದರೂ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಕುದಿಯದೆ ಆವಿ ಆಗಿದ್ದು ಹೇಗೆ?

ನೀರಿನ ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಲವು ನಿಧಾನ, ಕೆಲವು ಬಹಳ ಜೋರು. ತಾಪಮಾನ ತೋರಿಸುವುದು ಸರಾಸರಿಯನ್ನು ಮಾತ್ರ. ಮೇಲ್ಮೈಯಲ್ಲಿರುವ ಜೋರಿನ ಅಣುಗಳು ಪಕ್ಕದವುಗಳ ಹಿಡಿತ ತಪ್ಪಿಸಿಕೊಂಡು ಗಾಳಿಗೆ ಹಾರಿಬಿಡುತ್ತವೆ. ಜೋರಿನವು ಹೋದಮೇಲೆ ಉಳಿದದ್ದು ನಿಧಾನದವು. ಒಂದು ತರಗತಿಯಲ್ಲಿ ಅತಿ ಹೆಚ್ಚು ಅಂಕ ತೆಗೆದ ಐದಾರು ಮಕ್ಕಳು ಬೇರೆ ತರಗತಿಗೆ ಹೋದರೆ ಉಳಿದವರ ಸರಾಸರಿ ಅಂಕ ಇಳಿಯುತ್ತದೆ, ಉಳಿದ ಯಾರ ಅಂಕವೂ ಕಡಿಮೆ ಆಗದಿದ್ದರೂ. ಹಾಗೇ ಇಲ್ಲಿ ಉಳಿದ ನೀರಿನ ತಾಪಮಾನ ಇಳಿಯುತ್ತದೆ. ಆರುತ್ತಿರುವ ನೀರು ತಣ್ಣಗಾಗುತ್ತದೆ ಎಂಬುದಕ್ಕೆ ಇದೇ ಕಾರಣ. ತಣ್ಣಗಾದ ಆ ನೀರು ಸುತ್ತಲಿನಿಂದ, ತಾನು ಅಂಟಿಕೊಂಡಿರುವ ಚರ್ಮದಿಂದಲೂ ಶಾಖ ಎಳೆದುಕೊಳ್ಳುತ್ತದೆ. ಬೆವರು ಮೈಯನ್ನು ತಂಪು ಮಾಡುವುದು ಹೀಗೆ. ಸ್ಪಿರಿಟ್ ಹಚ್ಚಿದಾಗ ನೀರಿಗಿಂತ ಜಾಸ್ತಿ ತಣ್ಣಗೆನಿಸುವುದು ಯಾಕೆಂದರೆ ಅದರ ಅಣುಗಳ ನಡುವಿನ ಹಿಡಿತ ನೀರಿಗಿಂತ ಸಡಿಲ, ಬೇಗ ಬೇಗ ಹಾರುತ್ತವೆ.

ಹಾರಿದ ಅಣು ಮತ್ತೆ ನೀರಿಗೇ ಬಂದು ಬೀಳಲೂಬಹುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಹೋಗುವಷ್ಟೇ ಅಣುಗಳು ವಾಪಸ್ಸೂ ಬರುತ್ತಿರುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬೆವರೂ ಆರುವುದಿಲ್ಲ, ಸೆಕೆ ಅನಿಸುತ್ತದೆ. ಗಾಳಿ ಬೀಸಿದರೆ ಮೇಲಿನ ತೇವದ ಗಾಳಿ ಆಚೆ ಹೋಗುತ್ತದೆ. ಬಟ್ಟೆಯನ್ನು ಹರಡಿದರೆ ಹಾರಲು ಜಾಗ ಜಾಸ್ತಿ ಸಿಗುತ್ತದೆ.

ತಣ್ಣನೆಯ ಲೋಟದ ಹೊರಗೆ ಹನಿಗಟ್ಟುವುದು ಇದರ ಉಲ್ಟಾ. ನೀರು ಲೋಟದ ಒಳಗಿನಿಂದ ಸೋರಿ ಬಂದಿಲ್ಲ, ಗಾಳಿಯಲ್ಲಿದ್ದ ಆವಿ ತಣ್ಣನೆಯ ಮೈಗೆ ತಾಗಿ ನಿಧಾನವಾಗಿ, ಒಂದನ್ನೊಂದು ಹಿಡಿದುಕೊಂಡು ಹನಿಯಾಗಿದೆ. ಮಕ್ಕಳಿಗೆ ಅನುಮಾನ ಇದ್ದರೆ ಲೋಟದ ಒಳಗಿನ ನೀರಿಗೆ ಬಣ್ಣ ಹಾಕಿ. ಹೊರಗಿನ ಹನಿಗೆ ಬಣ್ಣ ಇರುವುದಿಲ್ಲ.

ಕೆಲವು ವಸ್ತುಗಳು ನಡುವಿನ ಮೆಟ್ಟಿಲನ್ನು ಹಾರಿಬಿಡುತ್ತವೆ. ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟ ನ್ಯಾಫ್ತಲಿನ್ ಗುಳಿಗೆ ನೀರಾಗದೆಯೇ ಸವೆದು ಹೋಗುತ್ತದೆ. ಡ್ರೈ ಐಸ್ ಎಂದು ಕರೆಯುವ ಘನ ಇಂಗಾಲದ ಡೈ ಆಕ್ಸೈಡ್ ಸಾಮಾನ್ಯ ಒತ್ತಡದಲ್ಲಿ ಮೈನಸ್ 78 ಡಿಗ್ರಿಯ ಹತ್ತಿರ ನೇರವಾಗಿ ಅನಿಲವಾಗುತ್ತದೆ. ಇದಕ್ಕೆ ಉತ್ಪತನ ಅಂತ ಹೆಸರು. ನೀರಿನ ಐಸ್ ಕೂಡ ಇದನ್ನು ಮಾಡುತ್ತದೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಬಿಟ್ಟ ಐಸ್ ಗಟ್ಟಿಗಳು ಕರಗದೆಯೇ ಚಿಕ್ಕದಾಗಿರುವುದನ್ನು ನೀವು ನೋಡಿರಬಹುದು. ಕೆಲವು ಲಸಿಕೆಗಳನ್ನು ಹಾಳಾಗದಂತೆ ಒಣಗಿಸುವುದೂ ಹೀಗೇ: ಹೆಪ್ಪುಗಟ್ಟಿಸಿ, ಒತ್ತಡ ಇಳಿಸಿ, ಐಸನ್ನು ನೇರ ಆವಿ ಮಾಡಿ ಹೊರಗೆ ತೆಗೆಯುತ್ತಾರೆ.

ನೀರು ಎಲ್ಲರಂತಲ್ಲ

ಪಾಠದಲ್ಲಿ ಉದಾಹರಣೆಗೆ ಯಾವಾಗಲೂ ನೀರೇ ಬರುತ್ತದೆ. ಆದರೆ ನೀರು ಬಹಳ ವಿಚಿತ್ರವಾದ ವಸ್ತು, ಇದನ್ನು ಮಕ್ಕಳಿಗೆ ಹೇಳಲೇಬೇಕು. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ಯಾಕೆಂದರೆ ಕಣಗಳು ಇನ್ನೂ ಹತ್ತಿರ ಬರುತ್ತವೆ. ಕರಗಿದ ಮೇಣದಲ್ಲಿ ಗಟ್ಟಿ ಮೇಣದ ಚೂರು ಹಾಕಿದರೆ ಮುಳುಗುತ್ತದೆ. ನೀರು ಮಾತ್ರ ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಸುಮಾರು 9 ಶೇಕಡ. ಐಸ್ ಆಗುವಾಗ ನೀರಿನ ಅಣುಗಳು ಆರು ಮೂಲೆಯ ಚೌಕಟ್ಟುಗಳಲ್ಲಿ ಕೂರುತ್ತವೆ, ಆ ಚೌಕಟ್ಟುಗಳ ನಡುವೆ ಖಾಲಿ ಉಳಿಯುತ್ತದೆ. ಹಿಮದ ಹರಳಿಗೆ ಆರು ಕಡ್ಡಿ ಇರುವುದೂ ಇದರಿಂದಲೇ. ಹಾಗಾಗಿ ಐಸ್ ನೀರಿಗಿಂತ ಹಗುರವಾಗಿ, ಹತ್ತರಲ್ಲಿ ಒಂಬತ್ತು ಪಾಲು ಒಳಗೆ, ಒಂದು ಪಾಲು ಹೊರಗೆ ಇಟ್ಟುಕೊಂಡು ತೇಲುತ್ತದೆ. ಬಾಯಿ ಬಿಗಿದ ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಇಟ್ಟರೆ ಬಾಟಲಿ ಒಡೆಯುತ್ತದೆ. ಬಂಡೆಯ ಬಿರುಕಿನಲ್ಲಿ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಬಂಡೆಯನ್ನೇ ಸೀಳುತ್ತದೆ.

ಇನ್ನೂ ಒಂದು ವಿಶೇಷ. ನೀರು ಅತಿ ಭಾರವಾಗಿರುವುದು 0 ಡಿಗ್ರಿಯಲ್ಲಲ್ಲ, ಸುಮಾರು 4 ಡಿಗ್ರಿಯಲ್ಲಿ. ಕೊರೆಯುವ ಚಳಿಯ ದೇಶಗಳಲ್ಲಿ ಸರೋವರ ತಣ್ಣಗಾಗುವಾಗ 4 ಡಿಗ್ರಿಯ ನೀರು ತಳಕ್ಕೆ ಹೋಗುತ್ತದೆ, ಅದಕ್ಕಿಂತ ತಣ್ಣಗಿನದು ಮೇಲೆ ಉಳಿದು, ಮೇಲಿನಿಂದ ಹೆಪ್ಪುಗಟ್ಟುತ್ತದೆ. ಮೇಲಿನ ಐಸ್ ಹೊದಿಕೆಯ ಹಾಗೆ ಕೆಳಗಿನ ನೀರಿನ ಶಾಖವನ್ನು ತಡೆದಿಡುತ್ತದೆ. ಕೆಳಗೆ ಮೀನುಗಳು ಬದುಕಿರುತ್ತವೆ. ಐಸ್ ಮುಳುಗುವ ಹಾಗಿದ್ದರೆ ಸರೋವರ ತಳದಿಂದ ತುಂಬುತ್ತಾ ಬಂದು ಪೂರ್ತಿ ಗಟ್ಟಿಯಾಗಿಬಿಡುತ್ತಿತ್ತು.

ಕಬ್ಬಿಣ ಘನ, ಆಕ್ಸಿಜನ್ ಅನಿಲ ಅನ್ನುವುದು ಎಷ್ಟು ನಿಜ?

ಅದು ನಾವು ಬದುಕುವ ತಾಪಮಾನದಲ್ಲಿ ಮಾತ್ರ ನಿಜ. ಕಬ್ಬಿಣ 1,538 ಡಿಗ್ರಿಗೆ ಕರಗಿ ನೀರಿನ ಹಾಗೆ ಹರಿಯುತ್ತದೆ. ಟಂಗ್‌ಸ್ಟನ್‌ಗೆ 3,422 ಡಿಗ್ರಿ ಬೇಕು, ಹಳೆಯ ಬಲ್ಬುಗಳ ಒಳಗಿನ ತಂತಿಗೆ ಅದನ್ನು ಆರಿಸಿದ್ದು ಇದಕ್ಕೇ. ಪಾದರಸ ಮೈನಸ್ 39 ಡಿಗ್ರಿಯ ಹತ್ತಿರ ಗಟ್ಟಿಯಾಗುತ್ತದೆ. ಗ್ಯಾಲಿಯಂ ಎಂಬ ಲೋಹ 30 ಡಿಗ್ರಿಯ ಹತ್ತಿರವೇ ಕರಗುತ್ತದೆ, ಅಂದರೆ ಅಂಗೈಯಲ್ಲಿ ಇಟ್ಟುಕೊಂಡರೆ ಸಾಕು. ಆಕ್ಸಿಜನ್ ಮೈನಸ್ 183ಕ್ಕೆ ತಿಳಿ ನೀಲಿ ಬಣ್ಣದ ದ್ರವವಾಗುತ್ತದೆ, ನೈಟ್ರೋಜನ್ ಮೈನಸ್ 196ಕ್ಕೆ. ಕಣಗಳ ನಡುವಿನ ಸೆಳೆತ ಟಂಗ್‌ಸ್ಟನ್‌ನಲ್ಲಿ ಬಲು ಗಟ್ಟಿ, ಆಕ್ಸಿಜನ್‌ನಲ್ಲಿ ಬಲು ದುರ್ಬಲ. ಈ ಅಂಕಿಗಳೆಲ್ಲ ಹೇಳುತ್ತಿರುವುದು ಅದನ್ನೇ.

ಅನಿಲಗಳನ್ನು ದ್ರವ ಮಾಡುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಬಹಳ ಕಾಡಿತು. ಮೈಕೇಲ್ ಫ್ಯಾರಡೆ 1823ರಲ್ಲಿ ಕ್ಲೋರಿನ್ ಅನ್ನು ದ್ರವ ಮಾಡಿದರು. ಹೀಲಿಯಂ ಮಾತ್ರ ಬಗ್ಗಲಿಲ್ಲ. ಕೊನೆಗೆ 1908ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಅದನ್ನು ಸುಮಾರು ಮೈನಸ್ 269 ಡಿಗ್ರಿಯಲ್ಲಿ ದ್ರವ ಮಾಡಿದರು. ಯಾವ ವಸ್ತುವನ್ನೂ ಮೈನಸ್ 273.15ಕ್ಕಿಂತ ಕೆಳಗೆ ತರಲು ಆಗುವುದಿಲ್ಲ ಎಂಬುದನ್ನು ನೆನೆದರೆ ಆ ಸಾಧನೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಉಪ್ಪನ್ನು ನೀರಿಗೆ ಹಾಕಿದರೆ ಕಾಣದಂತಾಗುತ್ತದೆ. ಅದು ಸ್ಥಿತಿ ಬದಲಾವಣೆ ಅಲ್ಲ. ಉಪ್ಪಿನ ಕಣಗಳನ್ನು ನೀರಿನ ಅಣುಗಳು ಎಳೆದುಕೊಂಡು ಬೇರೆ ಬೇರೆ ಮಾಡಿ ತಮ್ಮ ನಡುವೆ ಸೇರಿಸಿಕೊಂಡಿವೆ. ಅದಕ್ಕೆ ಎರಡು ವಸ್ತು ಬೇಕು. ಬರೀ ಉಪ್ಪನ್ನೇ ದ್ರವ ಮಾಡಬೇಕಾದರೆ 801 ಡಿಗ್ರಿಗೆ ಬಿಸಿ ಮಾಡಬೇಕು. ಇನ್ನು ಮೇಣದಬತ್ತಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೇಣ ಕರಗಿ, ಬತ್ತಿಯಲ್ಲಿ ಏರಿ, ಆವಿಯಾಗುತ್ತದೆ. ಇಲ್ಲಿಯವರೆಗೆ ಅದು ಮೇಣವೇ, ತಣ್ಣಗಾದರೆ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಆ ಆವಿ ಉರಿದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ ಆಗುತ್ತದೆ. ಈಗ ಅಣುಗಳೇ ಬದಲಾದವು, ತಣ್ಣಗೆ ಮಾಡಿದರೂ ಮೇಣ ವಾಪಸ್ ಬರುವುದಿಲ್ಲ. ದೀಪ ಆರಿಸಿದ ಕೂಡಲೇ ಏಳುವ ಬಿಳಿ ಎಳೆ ಆ ಮೇಣದ ಆವಿ ತಣ್ಣಗಾಗಿ ಆದ ಸಣ್ಣ ಕಣಗಳು. ಅದಕ್ಕೆ ಕಡ್ಡಿ ಗೀರಿ ಹಿಡಿದರೆ ಬೆಂಕಿ ಆ ಎಳೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ.

ಸ್ಥಿತಿಗಳು ಮೂರೇ ಅಂತಲೂ ಇಲ್ಲ. ಅನಿಲವನ್ನು ಇನ್ನೂ ಬಿಸಿ ಮಾಡುತ್ತಾ ಹೋದರೆ ಕಣಗಳ ಢಿಕ್ಕಿ ಎಷ್ಟು ಜೋರಾಗುತ್ತದೆಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಅದು ಪ್ಲಾಸ್ಮಾ. ಸೂರ್ಯ ಪೂರ್ತಿ ಅದೇ. ಮಿಂಚಿನ ದಾರಿಯಲ್ಲೂ, ಉರಿಯುವ ಟ್ಯೂಬ್‌ಲೈಟ್ ಒಳಗೂ ಇರುವುದು ಅದೇ. ಇನ್ನೊಂದು ತುದಿಯಲ್ಲಿ, ಅತಿ ತಣ್ಣಗಿನ ಕಡೆ, ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ 1924-25ರಲ್ಲಿ ಹಾಕಿದ ಲೆಕ್ಕದಿಂದ ಹೊರಟ ಒಂದು ಸ್ಥಿತಿ ಇದೆ, ಅದರಲ್ಲಿ ಪರಮಾಣುಗಳು ಬೇರೆ ಬೇರೆಯಾಗಿ ವರ್ತಿಸುವುದನ್ನು ಬಿಟ್ಟು ಎಲ್ಲವೂ ಸೇರಿ ಒಂದೇ ಎಂಬಂತೆ ವರ್ತಿಸುತ್ತವೆ. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಲು ಎಪ್ಪತ್ತು ವರ್ಷ ಹಿಡಿಯಿತು. 1995ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಸುಮಾರು ಎರಡು ಸಾವಿರ ರುಬಿಡಿಯಂ ಪರಮಾಣುಗಳನ್ನು ಮೈನಸ್ 273.15 ಡಿಗ್ರಿಗೆ ಕೂದಲೆಳೆಯಷ್ಟು ಹತ್ತಿರ ತಂದು ಅದನ್ನು ಸಾಧಿಸಿದರು. ಪರಮಾಣುಗಳನ್ನು ಅಷ್ಟು ತಣ್ಣಗೆ ಮಾಡಲು ಅವರು ಮೊದಲು ಲೇಸರ್ ಬಳಸಿದರು. ಆದರೆ ಕೊನೆಯ ಹಂತಕ್ಕೆ ಅವರು ಮಾಡಿದ್ದು ಬೆವರು ಆರುವಾಗ ಆಗುವುದನ್ನೇ: ಜೋರಾಗಿ ಓಡುವ ಪರಮಾಣುಗಳನ್ನು ಹಾರಿಹೋಗಲು ಬಿಟ್ಟು, ನಿಧಾನದವುಗಳನ್ನು ಉಳಿಸಿಕೊಂಡರು.